ಮೈದುನನ ಲಾನ್

ನವೆಂಬರ್ 17, 2024, ಆದಿತ್ಯವಾರ
ಪೆರ್ಲ

ಮೈದುನನ ಲಾನ್ ಕಂದು ಬಣ್ಣಕ್ಕೆ ತಿರುಗುತ್ತಿದೆ. ದುಬೈಯಿಂದ ದಿನಾ ವಿಡಿಯೋ ಕಾಲ್. "ಅತ್ತಿಗೆ, ಕ್ಯಾಮೆರಾ ಸ್ವಲ್ಪ ಕೆಳಗೆ ಮಾಡಿ" ಅನ್ನುತ್ತಾನೆ. ಅಮ್ಮನ ಮುಖ ನೋಡುವುದು ಆಮೇಲೆ. ಹುಲ್ಲು ತಂದು ಹಾಸಿ ಇನ್ನೂ ತಿಂಗಳು ತುಂಬಿಲ್ಲ.

ಇವರು ಹೇಳುವುದು ನೀರು ಸಾಲದು ಅಂತ. ಸಂಜೆಯಾದರೆ ಪೈಪ್ ಹಿಡಿದು ನಿಲ್ಲುತ್ತಾರೆ. ಮಾವನಿಗೆ ಬೇರುಹುಳದ ಸಂಶಯ. ಅಡಿಕೆ ಬೆಳೆಯುವವರಿಗೆ ಮೊದಲು ನೆನಪಾಗುವುದು ಅದೇ ಅಲ್ವಾ. ಇವತ್ತು ಕಲೆ ಇದ್ದ ಕಡೆ ಒಂದು ಮೂಲೆ ಹಿಡಿದು ಎಳೆದೆ. ಚಾಪೆಯ ಹಾಗೆ ಎದ್ದು ಬಂತು. ಒಂದು ಹುಳವೂ ಇಲ್ಲ, ಬೇರು ಮಣ್ಣಿಗೆ ಇಳಿದೇ ಇಲ್ಲ. ಪಕ್ಕದ ಹಸಿರು ಜಾಗ ಎಳೆದರೆ ಅಲ್ಲಾಡಲಿಲ್ಲ. ಕಬ್ಬಿಣದ ಸರಳು ಚುಚ್ಚಿದೆ. ಎರಡೇ ಇಂಚಿಗೆ ಟಕ್ ಅಂತ ನಿಂತಿತು. ಅಡಿಯಲ್ಲಿ ಮುರಕಲ್ಲು, ಅದರ ಮೇಲೆ ಮನೆ ಕಟ್ಟುವಾಗ ಕಲಸಿ ಉಳಿದ ಸಿಮೆಂಟಿನ ಗಟ್ಟಿ. ತೆಳ್ಳಗೆ ಮಣ್ಣು ಹರಡಿ, ಹುಲ್ಲು ಹಾಸಿ ಹೋಗಿದ್ದಾರೆ. ಬೇರು ಎಲ್ಲಿಗೆ ಹೋಗಬೇಕು?

ಹಲಸಿನ ಮರದ ಹತ್ತಿರದ ಕಲೆ ಬೇರೆ ಥರ. ಉರುಟಾಗಿದೆ, ಅಂಚಿನಲ್ಲಿ ಹೊಗೆ ಬಣ್ಣ, ಎಲೆ ಬುಡದಲ್ಲೇ ಕೊಳೆತು ಕಿತ್ತು ಬರುತ್ತದೆ. ಅದು ಫಂಗಸ್. ನಮ್ಮ ಸೆಕೆಯಲ್ಲಿ ಸಂಜೆ ಬಿಟ್ಟ ನೀರು ರಾತ್ರಿಯಿಡೀ ಎಲೆಯ ಮೇಲೆ ನಿಂತರೆ ಬಾರದೆ ಇರುತ್ತದಾ? ಬೆಳಿಗ್ಗೆ ಬಿಡಿ ಅಂದರೆ ಇವರಿಗೆ ಶಾಲೆಗೆ ಹೊತ್ತಾಗುತ್ತದಂತೆ.

ಹುಲ್ಲು ಹಾಸಿದವನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಲೇ ಇಲ್ಲ. "ಒಂದು ಸ್ಪ್ರೇ ಹೊಡೀರಿ, ಒಟ್ಟಿಗೆ ಯೂರಿಯಾ ಹಾಕಿ" ಎಂದ. ಫಂಗಸ್ ಇರುವಾಗ ಯೂರಿಯಾ ಹಾಕಿದರೆ ಅದು ಇನ್ನೂ ಜೋರಾಗುತ್ತದೆ ಅಂತ ಹೇಳುವಷ್ಟರಲ್ಲಿ ಫೋನ್ ಕಟ್.

ಅತ್ತೆ ಅಡಿಕೆ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡಿದ್ದರು.

"ಸ್ಪ್ರೇ ಅಂದರೆ ಎಂತದು?"

"ಔಷಧಿ ಅತ್ತೆ, ಹುಲ್ಲಿಗೆ."

"ದನ ತಿನ್ನುವ ಹುಲ್ಲಾ?"

"ಅಲ್ಲ."

"ಮತ್ತೆ ಯಾಕೆ?"

ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಅತ್ತೆಯ ಮುಖ ಯಾಕೆ ಹಾಗಾಯಿತು ಅಂತ ಹೇಳಬೇಕಾಗಿಲ್ಲ. ಗೇರು ಗುಡ್ಡೆಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಅಂಗಳದಲ್ಲಿ ನಿಂತು ನೋಡಿದವರು ಅವರು. ಓಡಿ ಹೋಗಿ ಬಾವಿಗೆ ತೆಂಗಿನ ಮಡಲು ಮುಚ್ಚುತ್ತಿದ್ದರಂತೆ. ಸುಪ್ರೀಂ ಕೋರ್ಟ್ ಆ ವಿಷವನ್ನು ಇಡೀ ದೇಶದಲ್ಲೇ ನಿಲ್ಲಿಸಿದ್ದು 2011ರಲ್ಲಿ. ಅಷ್ಟರಲ್ಲಿ ಇಲ್ಲಿಯ ಪಡ್ರೆ, ಸ್ವರ್ಗ ಎಂಬ ಊರುಗಳ ಕಾಯಿಲೆ ಬಿದ್ದ ಮಕ್ಕಳ ಫೋಟೋಗಳನ್ನು ಲೋಕವೆಲ್ಲ ನೋಡಿ ಆಗಿತ್ತು.

ಮಾವ ಮೆಲ್ಲ ಬಾಯಿ ಹಾಕಿದರು. "ನಾವು ಅಡಿಕೆಗೆ ಮೈಲುತುತ್ತು ಬಿಡುವುದಿಲ್ಲವಾ?"

"ಅದು ಹೊಟ್ಟೆಪಾಡು. ಇದು ಚಂದಕ್ಕೆ."

ಮಾವ ಪೇಪರ್ ಬಿಡಿಸಿದರು. ನಾನೂ ಸುಮ್ಮನಾದೆ. ಲಾನಿಗೆ ಹೊಡೆಯುವ ಔಷಧಿ ಎಂಡೋಸಲ್ಫಾನ್ ಅಲ್ಲ ಅಂತ ನನಗೆ ಗೊತ್ತು, ಅವರಿಗೂ ಗೊತ್ತಿರಬಹುದು. ಆದರೂ ಹೊಡೆಸುವುದಿಲ್ಲ. ನೀರು ಬೆಳಿಗ್ಗೆಗೆ ಬದಲಾಗಲಿ, ಇವರು ಅರ್ಧ ಗಂಟೆ ಮೊದಲು ಏಳಲಿ. ಫಂಗಸ್ ಕಲೆಗಳು ಒಣಗಿ ತಾವೇ ಚಿಗುರಿದರೆ ಚಿಗುರಲಿ.

ಉಳಿದದ್ದು ಸಿಮೆಂಟಿನ ಜಾಗ. ಒಡೆಸಿ, ಅರ್ಧ ಅಡಿ ಮಣ್ಣು ತುಂಬಿಸಿ ಮತ್ತೆ ಹುಲ್ಲು ಹಾಸಬೇಕು. ಒಂಬತ್ತು ಗಂಟೆಗೆ ಮೈದುನನ ಕಾಲ್ ಬರುತ್ತದೆ, ಖರ್ಚು ಎಷ್ಟು ಅಂತ ಕೇಳುತ್ತಾನೆ. ಹೇಗೂ ಅಷ್ಟು ಜಾಗ ಗಟ್ಟಿಯಾಗಿಯೇ ಇದೆ, ಒಡೆಸುವ ಬದಲು ಹಾಗೇ ಬಿಟ್ಟರೆ ಅಡಿಕೆ ಒಣಗಿಸಲಿಕ್ಕಾದರೂ...