ಪ್ಲೇಯರ್ ಕೊಳ್ಳುವ ಮುಂಚೆ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ

ಮ್ಯೂಸಿಕ್ ಪ್ಲೇಯರ್ ಕೊಳ್ಳಲು ಹೊರಟವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಜಿಬಿ, ಸೌಂಡ್ ಹೇಗಿದೆ. ಜಿಬಿ ಸಾಲದಿದ್ದರೆ ಬಹಳಷ್ಟು ಪ್ಲೇಯರ್‌ಗಳಿಗೆ ಮೆಮೊರಿ ಕಾರ್ಡ್ ಹಾಕಿಕೊಳ್ಳಬಹುದು. ಸೌಂಡ್ ಸರಿಯಿಲ್ಲ ಅನ್ನಿಸಿದರೆ ಬಹಳಷ್ಟು ಸಲ ತಪ್ಪು ಇಯರ್‌ಫೋನಿನದು, ಅದನ್ನೂ ಬದಲಿಸಬಹುದು. ಆಮೇಲೆ ಸಾಮಾನ್ಯವಾಗಿ ಬದಲಿಸಲಾಗದ್ದು ಒಂದಿದೆ: ಕೇಬಲ್ ಸಿಕ್ಕಿಸಿದಾಗ ಮನೆಯ ಕಂಪ್ಯೂಟರಿಗೆ ಆ ಪ್ಲೇಯರ್ ಏನಾಗಿ ಕಾಣುತ್ತದೆ ಎಂಬುದು.

ಒಳ್ಳೆಯದು, ಪೆನ್‌ಡ್ರೈವ್ ಥರ ಕಾಣುವುದು. ಇದಕ್ಕೆ ಮಾಸ್ ಸ್ಟೋರೇಜ್ ಅಥವಾ ಎಂಎಸ್‌ಸಿ ಅನ್ನುತ್ತಾರೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದಾದರೂ ಸರಿ, ಫೋಲ್ಡರ್ ಎಳೆದು ಹಾಕಿದರೆ ಕೆಲಸ ಮುಗಿಯಿತು. ಆಂಡ್ರಾಯ್ಡ್ ಇರುವ ಪ್ಲೇಯರ್‌ಗಳು ಎಂಟಿಪಿ ವಿಧಾನದಲ್ಲಿ ಕಾಣುತ್ತವೆ. ವಿಂಡೋಸ್‌ನಲ್ಲಿ ತೊಂದರೆಯಿಲ್ಲ, ಲಿನಕ್ಸ್‌ನಲ್ಲೂ ಸಾಮಾನ್ಯವಾಗಿ ನಡೆಯುತ್ತದೆ, ಮ್ಯಾಕ್‌ಗೆ ಮಾತ್ರ ಬೇರೆ ಸಾಫ್ಟ್‌ವೇರ್ ಬೇಕು. ಎಂಟಿಪಿಗೆ ವಿಂಡೋಸ್‌ನಲ್ಲಿ D:, E: ಥರದ ಡ್ರೈವ್ ಅಕ್ಷರ ಸಿಗುವುದಿಲ್ಲ, ಹಾಗಾಗಿ ಡ್ರೈವ್ ಬೇಡುವ ಸಾಫ್ಟ್‌ವೇರ್‌ಗಳು ಅದನ್ನು ಗುರುತಿಸುವುದೇ ಇಲ್ಲ. ಕೆಲವು ಪ್ಲೇಯರ್‌ಗಳ ಸೆಟ್ಟಿಂಗ್ಸ್‌ನಲ್ಲಿ ಎಂಎಸ್‌ಸಿ ಮತ್ತು ಎಂಟಿಪಿ ಎರಡೂ ಇರುತ್ತವೆ. ಕಣ್ಣುಮುಚ್ಚಿ ಎಂಎಸ್‌ಸಿ ಆರಿಸಿ.

ಮೂರನೆಯದು ಐಪಾಡ್ ದಾರಿ. 2001ರಲ್ಲಿ ಬಂದು 2022ರಲ್ಲಿ ನಿಂತ ಸಾಲು ಇದು, ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಓಡಾಡುತ್ತಿದೆ. ಹಳೆಯ ನ್ಯಾನೋ, ಕ್ಲಾಸಿಕ್‌ಗಳಿಗೆ ಹಾಡನ್ನು ಎಳೆದು ಹಾಕಿದರೆ ಜಾಗ ತುಂಬುತ್ತದೆಯೇ ಹೊರತು ಹಾಡು ಕೇಳಿಸುವುದಿಲ್ಲ. ಆಪಲ್‌ನ ಐಟ್ಯೂನ್ಸ್ ಸಾಫ್ಟ್‌ವೇರ್ ಬರೆದ ಡೇಟಾಬೇಸ್‌ನಲ್ಲಿ ಹೆಸರಿದ್ದರೆ ಮಾತ್ರ ಅದು ನುಡಿಸುತ್ತದೆ. ಅಡಗಿಸಿಟ್ಟ ಫೋಲ್ಡರ್ ತೆರೆದು ನೋಡಿದರೆ ಫೈಲುಗಳಿಗೆಲ್ಲ ನಾಲ್ಕಕ್ಷರದ ಅರ್ಥವಿಲ್ಲದ ಹೆಸರು. ಗುಣಮಟ್ಟ ಕಳೆಯದೆ ಧ್ವನಿಯನ್ನು ಕುಗ್ಗಿಸಿಡುವ ಫ್ಲ್ಯಾಕ್ ಫೈಲನ್ನೂ ನುಡಿಸದು, ಆಪಲ್ ಲಾಸ್‌ಲೆಸ್‌ಗೆ ಬದಲಿಸಬೇಕು. ಪ್ಲೇಯರ್‌ನ ಮೂಲ ಸಾಫ್ಟ್‌ವೇರ್ ಬದಲು ಹಾಕಿಕೊಳ್ಳುವ ರಾಕ್‌ಬಾಕ್ಸ್ ಹಾಕಿದರೆ ಈ ಎರಡೂ ಕಾಟ ತಪ್ಪುತ್ತದೆ, ಆದರೆ ನಿಮ್ಮ ಮಾಡೆಲ್ ಅದರ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಪ್ಲೇಯರ್ ಸಿಕ್ಕಿಸಿದಾಗ ಚಾರ್ಜ್ ಆಗುತ್ತಿದೆ, ಡ್ರೈವ್ ಮಾತ್ರ ಬರುತ್ತಿಲ್ಲ ಅಂದರೆ ಪ್ಲೇಯರ್ ಹಾಳಾಗಿದೆ ಎಂದುಕೊಳ್ಳಬೇಡಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಇದರ ತಿರುಗುಮುರುಗು ಸಂಗತಿಯೂ ಇದೆ. ಟೈಪ್-ಸಿ ತೂತಿರುವ ಕೆಲವು ಅಗ್ಗದ ಪ್ಲೇಯರ್‌ಗಳು ಎರಡೂ ತುದಿ ಸಿ ಇರುವ ಕೇಬಲ್‌ನಲ್ಲಿ ಚಾರ್ಜೇ ಆಗುವುದಿಲ್ಲ. ಸಾಧನ ಸಿಕ್ಕಿದೆ ಎಂದು ಚಾರ್ಜರ್‌ಗೆ ತಿಳಿಸುವ 5.1 ಕಿಲೋಓಮ್‌ನ ರೆಸಿಸ್ಟರ್‌ಗಳನ್ನು ತಯಾರಕರು ಕಾಸು ಉಳಿಸಲು ಹಾಕದೇ ಬಿಟ್ಟಿರುತ್ತಾರೆ. ಹಳೆಯ ದೊಡ್ಡ ಯುಎಸ್‌ಬಿ ತುದಿಯ ಕೇಬಲ್ ಹಾಕಿದರೆ ಅದೇ ಪ್ಲೇಯರ್ ಸುಮ್ಮನೆ ಚಾರ್ಜ್ ಆಗುತ್ತದೆ.

ಇನ್ನು ಕಾರ್ಡ್. 128 ಕೆಬಿಪಿಎಸ್ ಎಂಪಿ3ಗೆ ನಿಮಿಷಕ್ಕೆ ಸುಮಾರು 1 ಎಂಬಿ, 320ಕ್ಕೆ 2.4, ಸಿ.ಡಿ.ಯಿಂದ ತೆಗೆದ ಫ್ಲ್ಯಾಕ್‌ಗೆ 5ರಿಂದ 7. ಒಂದು ಗಂಟೆಯ ಸಿ.ಡಿ. ಫ್ಲ್ಯಾಕ್‌ನಲ್ಲಿ 300-400 ಎಂಬಿ ಆಗುವುದರಿಂದ 64 ಜಿಬಿಯಲ್ಲಿ ನೂರೈವತ್ತಕ್ಕೆ ಮೋಸವಿಲ್ಲ. ಆದರೆ 64 ಜಿಬಿ ಮತ್ತು ಅದಕ್ಕೂ ದೊಡ್ಡ ಕಾರ್ಡ್‌ಗಳು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ, ಹಳೆಯ ಪ್ಲೇಯರ್‌ಗಳಿಗೆ ಫ್ಯಾಟ್32 ಮಾತ್ರ ಗೊತ್ತು. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ 32 ಜಿಬಿ ಮೇಲಿನದಕ್ಕೆ ಫ್ಯಾಟ್32 ತೋರಿಸುವುದಿಲ್ಲ, ರೂಫಸ್‌ನಂಥ ಸಾಫ್ಟ್‌ವೇರ್‌ನಿಂದ ಮಾಡಿಕೊಳ್ಳಬೇಕು. ಹೊಸ ಕಾರ್ಡ್ ಬಂದ ದಿನವೇ ಅದರ ನಿಜವಾದ ಗಾತ್ರ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಆದರೆ ಎಫ್3 ಓಡಿಸಿ. ಮೇಲೆ 64 ಎಂದು ಬರೆದು ಒಳಗೆ 8 ಜಿಬಿ ಇರುವ ನಕಲಿ ಕಾರ್ಡ್‌ಗಳು ಮೊದಲ 8 ಜಿಬಿವರೆಗೆ ಚೆನ್ನಾಗಿಯೇ ನಡೆಯುತ್ತವೆ, ಅಲ್ಲಿಂದ ಮುಂದೆ ಹಾಕಿದ ಹಾಡುಗಳು ಹೆಸರಿಗಷ್ಟೇ ಇರುತ್ತವೆ. ಮೊದಲ ಸಲ ತುಂಬುವಾಗ ಕಾರ್ಡ್ ತೆಗೆದು ಕಾರ್ಡ್ ರೀಡರ್‌ಗೆ ಹಾಕಿ. ಪ್ಲೇಯರ್ ಮೂಲಕ ಸೆಕೆಂಡಿಗೆ 6 ಎಂಬಿ ಹೋದರೆ 32 ಜಿಬಿಗೆ ಒಂದೂವರೆ ಗಂಟೆ, ರೀಡರ್‌ನಲ್ಲಿ 20 ಎಂಬಿ ಸಿಕ್ಕರೆ ಅರ್ಧ ಗಂಟೆ.

ಹಾಡುಗಳ ಕ್ರಮ ತಪ್ಪುತ್ತದೆ ಎಂಬ ದೂರು ಬಹಳ ಕೇಳಿಬರುತ್ತದೆ. ಸರಳ ಪ್ಲೇಯರ್‌ಗಳು ಹೆಸರನ್ನು ನೋಡುವುದಿಲ್ಲ, ಫೈಲುಗಳು ಕಾರ್ಡ್‌ಗೆ ಬರೆಯಲ್ಪಟ್ಟ ಕ್ರಮದಲ್ಲೇ ನುಡಿಸುತ್ತವೆ. ಎಕ್ಸ್‌ಪ್ಲೋರರ್‌ನಲ್ಲಿ ಎಲ್ಲವನ್ನೂ ಆಯ್ದು ಎಳೆಯುವಾಗ ನಿಮ್ಮ ಮೌಸ್ ಹಿಡಿದ ಫೈಲು ಮೊದಲು ಹೋಗುತ್ತದೆ. ಏಳನೆಯದನ್ನು ಹಿಡಿದು ಎಳೆದರೆ ಪ್ಲೇಯರ್ ಏಳರಿಂದಲೇ ಶುರು. ಹೆಸರಿನ ಮೊದಲು 01, 02 ಎಂದು ಹಾಕಿ (ಬರೀ 1, 2 ಹಾಕಿದರೆ ಹೆಸರು ನೋಡಿ ಜೋಡಿಸುವ ಎಷ್ಟೋ ಪ್ಲೇಯರ್‌ಗಳಲ್ಲಿ 1ರ ನಂತರ 10 ಬರುತ್ತದೆ), ಮೊದಲ ಫೈಲನ್ನೇ ಹಿಡಿದು ಎಳೆಯಿರಿ. ಆಗಲೇ ಕೆಟ್ಟಿದ್ದರೆ ಲಿನಕ್ಸ್‌ನ ಫ್ಯಾಟ್‌ಸಾರ್ಟ್ ಸರಿಪಡಿಸುತ್ತದೆ.

ಕನ್ನಡ ಹೆಸರುಗಳದು ಬೇರೆಯೇ ಗೋಳು. ಅಗ್ಗದ ಪ್ಲೇಯರ್‌ಗಳಲ್ಲಿ ಕನ್ನಡ ಫಾಂಟ್ ಇಲ್ಲದೆ ಬರೀ ಚೌಕಗಳು ಕಾಣುತ್ತವೆ. ಫಾಂಟ್ ಇದ್ದರೂ ಒತ್ತಕ್ಷರ ಜೋಡಿಸಲು ಬಾರದೆ 'ಕೃಷ್ಣ' ಎಂಬುದು ಕ, ಷ, ಣ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಆಂಡ್ರಾಯ್ಡ್ ಪ್ಲೇಯರ್‌ಗೆ ಈ ತೊಂದರೆಯಿಲ್ಲ. ಉಳಿದವಕ್ಕೆ ಫೈಲಿನ ಹೆಸರು, ಟ್ಯಾಗ್ (ಫೈಲಿನೊಳಗೆ ಬರೆದಿಟ್ಟ ಹಾಡಿನ ವಿವರ) ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದೇ ವಾಸಿ. ಎಂಪಿ3ಟ್ಯಾಗ್‌ನಲ್ಲಿ ಟ್ಯಾಗ್ ಬರೆಯುವ ಐಡಿ3 ವಿಧಾನದ ಆವೃತ್ತಿ 2.3 ಆರಿಸಿ, 2.4 ಓದಲಾರದ ಪ್ಲೇಯರ್‌ಗಳು ಇನ್ನೂ ಇವೆ. ಮುಖಚಿತ್ರ ಕಾಣದಿದ್ದರೆ ಆ ಜೆಪೆಗ್ ಪ್ರೊಗ್ರೆಸಿವ್ ಆಗಿರಬಹುದು. 500 ಪಿಕ್ಸೆಲ್‌ಗೆ ಇಳಿಸಿ ಬೇಸ್‌ಲೈನ್ ಆಗಿ ಸೇವ್ ಮಾಡಿ.

ಕರ್ನಾಟಕ ಸಂಗೀತ ಅಥವಾ ಯಕ್ಷಗಾನ ಕೇಳುವವರು ಇನ್ನೆರಡು ಪರೀಕ್ಷೆ ಮಾಡಲೇಬೇಕು. ಕಛೇರಿಯ ಸಿ.ಡಿ.ಯಲ್ಲಿ ರಾಗ, ತಾನ, ಪಲ್ಲವಿ ಬೇರೆ ಬೇರೆ ಟ್ರ್ಯಾಕ್ ಆಗಿದ್ದರೂ ಶ್ರುತಿ ಹರಿಯುತ್ತಲೇ ಇರುತ್ತದೆ. ಎಂಪಿ3 ಮಾಡುವಾಗ ಧ್ವನಿಯನ್ನು 26 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತಾರೆ, ಕೊನೆಯ ತುಂಡು ತುಂಬದಿದ್ದರೆ ಮೌನ ಸೇರುತ್ತದೆ. ಎಂಪಿ3 ಮಾಡುವ ಲೇಮ್ ಎಂಬ ಸಾಫ್ಟ್‌ವೇರ್ ಆ ಮೌನದ ಅಳತೆಯನ್ನು ಫೈಲಿನಲ್ಲೇ ಬರೆದಿಡುತ್ತದೆ, ಅದನ್ನು ಓದಿ ಕಳೆಯುವ ಪ್ಲೇಯರ್ ಆದರೆ ತಂಬೂರಿ ಕಡಿಯುವುದಿಲ್ಲ. ಗ್ಯಾಪ್‌ಲೆಸ್ ಅಂದರೆ ಇದೇ. ಇನ್ನು ರಾತ್ರಿಯಿಡೀ ನಡೆದ ಎಂಟು ಗಂಟೆಯ ಪ್ರಸಂಗ 128 ಕೆಬಿಪಿಎಸ್‌ನಲ್ಲಿ 460 ಎಂಬಿಯ ಒಂದೇ ಫೈಲು. ನಡುವೆ ನಿಲ್ಲಿಸಿ, ಪ್ಲೇಯರ್ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿ. ನಿಲ್ಲಿಸಿದ ಕಡೆಯಿಂದ ಶುರುವಾಗದಿದ್ದರೆ ಪ್ರತಿ ಸಲವೂ ಗಣಪತಿ ಪೂಜೆಯಿಂದಲೇ ಕೇಳಬೇಕು.

ಹಾಡು ಸೇರಿಸಿದಂತೆಲ್ಲ ಎಲ್ಲವನ್ನೂ ಮತ್ತೆ ಕಾಪಿ ಮಾಡುವ ಬದಲು, ಬದಲಾದದ್ದನ್ನಷ್ಟೇ ಕಾಪಿ ಮಾಡುವ ಫ್ರೀಫೈಲ್‌ಸಿಂಕ್ ಅಥವಾ ಆರ್‌ಸಿಂಕ್ ಬಳಸಿ. ಫ್ಯಾಟ್32 ಫೈಲಿನ ಸಮಯವನ್ನು 2 ಸೆಕೆಂಡಿನ ಲೆಕ್ಕದಲ್ಲಿ ಬರೆಯುವುದರಿಂದ ಬದಲಾಗದ ಹಾಡೂ ಬದಲಾದಂತೆ ಕಾಣುತ್ತದೆ. ಆರ್‌ಸಿಂಕ್‌ನಲ್ಲಿ ಮಾಡಿಫೈ-ವಿಂಡೋ 1 ಎಂದು ಕೊಡಿ, ಒಂದು ಸೆಕೆಂಡಿನ ವ್ಯತ್ಯಾಸವನ್ನು ಅದು ಲೆಕ್ಕಿಸುವುದಿಲ್ಲ. ಅಮೆರಿಕ, ಇಂಗ್ಲೆಂಡಿನಲ್ಲಿರುವವರಿಗೆ ವರ್ಷಕ್ಕೆರಡು ಸಲ ಗಡಿಯಾರ ಒಂದು ಗಂಟೆ ಸರಿದಾಗಲೂ ಇದೇ ಪಾಡು, ಅವರು 3601 ಕೊಡಬೇಕು. ಮ್ಯಾಕ್‌ನಿಂದ ತುಂಬಿದ ಕಾರ್ಡ್‌ನಲ್ಲಿ ಚುಕ್ಕಿ-ಅಡಿಗೆರೆಯಿಂದ ಶುರುವಾಗುವ ಪುಟ್ಟ ಫೈಲುಗಳು ಉಳಿಯುತ್ತವೆ, ಕೆಲವು ಪ್ಲೇಯರ್‌ಗಳು ಅವನ್ನೂ ಹಾಡೆಂದು ತೋರಿಸಿ ನುಡಿಸಲಾಗದೆ ತಡವರಿಸುತ್ತವೆ, ಅವನ್ನು ಅಳಿಸಿ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟ ಹಾಡುಗಳಿಗೆ ಬೀಗ ಹಾಕಿರುತ್ತಾರೆ, ಕಾಪಿ ಮಾಡಿ ಪ್ರಯೋಜನವಿಲ್ಲ. ಅವನ್ನೇ ಕೇಳಬೇಕೆಂದಿದ್ದರೆ ಆ ಆ್ಯಪ್ ಹಾಕಲು ಬರುವ ಆಂಡ್ರಾಯ್ಡ್ ಪ್ಲೇಯರ್ ಬೇಕು, ಮತ್ತು ಅದರ ಬ್ಯಾಟರಿಯನ್ನು ಫೋನಿನಂತೆ ಆಗಾಗ ಚಾರ್ಜ್ ಮಾಡಲು ಸಿದ್ಧರಿರಬೇಕು.