ಪಕ್ಕಕ್ಕಿಟ್ಟ ಆಲ್ಬಂ

30 ಮಾರ್ಚ್ 2025, ಭಾನುವಾರ

ಇಂದು ಯುಗಾದಿ. ಹೋಳಿಗೆ ಊಟ ಮುಗಿದು ಮನೆಯವರೆಲ್ಲ ನಿದ್ದೆಗೆ ಜಾರಿದ ಮೇಲೆ ನಾನು ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ಗಾಯಕಿ ನೋರಾ ಜೋನ್ಸ್ ಅವರ ಹಾಡುಗಳನ್ನು ಕೇಳುತ್ತ ಕುಳಿತೆ. 1979ರ ಇದೇ ಮಾರ್ಚ್ 30ರಂದು ಅವರು ನ್ಯೂಯಾರ್ಕಿನಲ್ಲಿ ಹುಟ್ಟಿದರೆಂಬುದು ನನಗೆ ಸಿಕ್ಕ ನೆಪ. ಊಟದ ಹೊತ್ತಿನಲ್ಲಿ ಈ ಮಾತು ತೆಗೆದಾಗ ಭಾವನವರು, “ರವಿಶಂಕರ್ ಅವರ ಮಗಳಲ್ಲವೇನಯ್ಯಾ? ಹಾಗಾದರೆ ಸಿತಾರ್ ನುಡಿಸುತ್ತಾಳಾ?” ಎಂದು ಕೇಳಿದರು. ಸಿತಾರ್ ನುಡಿಸುವವರು ನೋರಾ ಅವರ ತಂಗಿ ಅನುಷ್ಕಾ ಎಂದು ಹೇಳಿ ನಾನು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ. ನಮ್ಮ ಪತ್ರಿಕೆಗಳು ಎರಡು ದಶಕಗಳಿಂದ ಈ ಒಂದೇ ಪರಿಚಯವನ್ನು ಅಚ್ಚು ಹಾಕುತ್ತ ಬಂದಿರುವಾಗ ಭಾವನವರದು ತಪ್ಪೆನ್ನಲಾರೆ. ಆದರೆ ನೋರಾ ಬೆಳೆದದ್ದು ತಾಯಿ ಸೂ ಜೋನ್ಸ್ ಅವರ ಜೊತೆ, ಟೆಕ್ಸಸ್‌ನ ಗ್ರೇಪ್‌ವೈನ್ ಎಂಬ ಊರಿನಲ್ಲಿ. ಬಿಲೀ ಹಾಲಿಡೇ ಅವರ ಜಾಝ್ ಗಾಯನವನ್ನೂ ವಿಲ್ಲೀ ನೆಲ್ಸನ್ ಅವರ ಕಂಟ್ರಿ ಎಂಬ ಅಮೆರಿಕದ ಹಳ್ಳಿಗಾಡಿನ ಶೈಲಿಯ ಹಾಡುಗಳನ್ನೂ ಒಟ್ಟಿಗೇ ಮೈಗೂಡಿಸಿಕೊಂಡ ಆ ಕಂಠದಲ್ಲಿ ತಂದೆಯ ರಾಗಗಳನ್ನು ಹುಡುಕಿದರೆ ನಿರಾಶೆಯೇ ಗತಿ.

ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಜಾಝ್ ಪಿಯಾನೋ ಕಲಿಯುತ್ತಿದ್ದ ಅವರು ಓದನ್ನು ಅರ್ಧಕ್ಕೆ ಬಿಟ್ಟು 1999ರಲ್ಲಿ ನ್ಯೂಯಾರ್ಕಿಗೆ ಬಂದರು. 1939ರಿಂದ ಜಾಝ್‌ಗೇ ಹೆಸರಾದ ಬ್ಲೂ ನೋಟ್ ಎಂಬ ಧ್ವನಿಮುದ್ರಣ ಸಂಸ್ಥೆಯ ಅಂದಿನ ಮುಖ್ಯಸ್ಥ ಬ್ರೂಸ್ ಲುಂಡ್‌ವಾಲ್ ಅವರೊಡನೆ ಒಪ್ಪಂದ ಮಾಡಿಕೊಂಡರು. ಅವರ ಮೊದಲ ಆಲ್ಬಂ ‘ಕಮ್ ಅವೇ ವಿತ್ ಮಿ’ಗಾಗಿ ಇಲ್ಲಿಂದ ಮುಂದೆ ನಡೆದದ್ದೇ ನನಗೆ ಅತ್ಯಂತ ಕುತೂಹಲದ ಸಂಗತಿ. ಮೊದಲು, 2000ದಲ್ಲಿ, ಬರೀ ಮಾದರಿಗೆಂದು ಕೆಲವು ಹಾಡುಗಳ ಧ್ವನಿಮುದ್ರಣವಾಯಿತು. ಆಮೇಲೆ ಕ್ರೇಗ್ ಸ್ಟ್ರೀಟ್ ಅವರ ನಿರ್ಮಾಣದಲ್ಲಿ, ಗಿಟಾರ್ ವಾದಕ ಬಿಲ್ ಫ್ರಿಸೆಲ್ ಅವರಂಥ ನುರಿತವರನ್ನು ಸೇರಿಸಿಕೊಂಡು, ಇಡೀ ಆಲ್ಬಮ್ಮೇ ಸಿದ್ಧವಾಯಿತು. ಅದನ್ನು ಕೇಳಿದ ಲುಂಡ್‌ವಾಲ್ ಅವರಿಗೆ ಸಮಾಧಾನವಾಗಲಿಲ್ಲ, ಮಾದರಿ ಮುದ್ರಣದಲ್ಲಿದ್ದ ಸರಳತೆಯೇ ಬೇಕೆನಿಸಿತು. ಆ ಕೆಲಸದ ಬಹುಪಾಲನ್ನು ಪಕ್ಕಕ್ಕಿಟ್ಟು, ಅರೀಥಾ ಫ್ರಾಂಕ್ಲಿನ್ ಅವರಂಥವರ ಹಾಡುಗಳನ್ನು ರೂಪಿಸಿದ್ದ ಹಿರಿಯ ನಿರ್ಮಾಪಕ ಆರಿಫ್ ಮಾರ್ಡಿನ್ ಅವರಿಗೆ ಹೊಣೆ ಒಪ್ಪಿಸಿದರು. ಜೆಸ್ಸಿ ಹ್ಯಾರಿಸ್ ಬರೆದ, ಜಗತ್ತೇ ಗುನುಗಿದ ‘ಡೋಂಟ್ ನೋ ವೈ’ ಮಾದರಿಗೆಂದು ಹಾಡಿದ ಆ ಮೊದಲ ಮುದ್ರಣದ್ದೇ ಆಗಿದ್ದು, ಮಾರ್ಡಿನ್ ಅದನ್ನು ಹೆಚ್ಚು ಮುಟ್ಟದೆ ಉಳಿಸಿಕೊಂಡರು.

ಪಕ್ಕಕ್ಕಿಟ್ಟ ಆ ಮುದ್ರಣಗಳು ಇಪ್ಪತ್ತು ವರ್ಷ ಕಪಾಟಿನಲ್ಲಿದ್ದು, ಆ ಆಲ್ಬಮ್ಮಿನ 2022ರ ವಿಶೇಷ ಆವೃತ್ತಿಯಲ್ಲಿ ಹೊರಬಂದವು. ಇಂದು ಅವನ್ನೂ ಮೂಲ ಆಲ್ಬಮ್ಮನ್ನೂ ಒಂದರ ಹಿಂದೊಂದರಂತೆ ಕೇಳಿದೆ. ಸ್ಟ್ರೀಟ್ ಅವರ ಕೆಲಸ ಕಳಪೆಯದೇನೂ ಅಲ್ಲ, ಗಿಟಾರುಗಳ ನಾದ ಮಂಜಿನಂತೆ ಸುತ್ತ ಹಬ್ಬಿಕೊಳ್ಳುತ್ತದೆ. ಆದರೆ ಕಂಠ ಆ ಮಂಜಿನೊಳಗೆ ಸ್ವಲ್ಪ ದೂರ ಸರಿದು ನಿಂತಂತೆ ಕೇಳುತ್ತದೆ. ‘ಡೋಂಟ್ ನೋ ವೈ’ಯಲ್ಲಿ ಅವರು ನಮ್ಮ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದಾರೆ. ಸಾಲನ್ನು ಲಯಕ್ಕಿಂತ ಕೂದಲೆಳೆಯಷ್ಟು ತಡವಾಗಿ ಎತ್ತಿಕೊಂಡು, ಪದದ ಕೊನೆಯನ್ನು ಎಳೆಯದೆ ಕೈಬಿಟ್ಟು, ಆ ಖಾಲಿ ಜಾಗದಲ್ಲಿ ಪಿಯಾನೋದ ಎರಡು ಮೂರು ಸ್ವರಗಳನ್ನಷ್ಟೇ ಇಟ್ಟು ಸುಮ್ಮನಾಗುವ ಅವರ ಕ್ರಮ, ಮೂರು ನಿಮಿಷದ ಪಾಪ್ ಹಾಡಿನೊಳಗೆ ಜಾಝ್ ಶಿಕ್ಷಣ ಮಾಡಿದ ಕೆಲಸ ಎಂದು ನನಗನ್ನಿಸುತ್ತದೆ. ಇದು ಜಾಝ್ ಹೌದೋ ಅಲ್ಲವೋ ಎಂದು ವಿಮರ್ಶಕರು ಆಗ ಸಾಕಷ್ಟು ಕಿತ್ತಾಡಿದ್ದರು. ಹ್ಯಾಂಕ್ ವಿಲಿಯಮ್ಸ್ ಅವರ ಕಂಟ್ರಿ ಗೀತೆಯೂ, ಸಂಯೋಜಕ ಹೋಗೀ ಕಾರ್ಮೈಕಲ್ ಅವರ ಹಳೆಯ ಜಾಝ್ ಗೀತೆಯೂ ಒಂದೇ ಆಲ್ಬಮ್ಮಿನಲ್ಲಿ, ಒಂದೇ ದನಿಯಲ್ಲಿ, ಹೊಲಿಗೆ ಕಾಣದಂತೆ ಕೂತಿರುವಾಗ ಆ ಜಗಳದಲ್ಲಿ ನನಗೆ ಆಸಕ್ತಿ ಹುಟ್ಟುವುದಿಲ್ಲ.

2002ರ ಫೆಬ್ರವರಿಯಲ್ಲಿ ಬಂದ ‘ಕಮ್ ಅವೇ ವಿತ್ ಮಿ’ ಅಬ್ಬರವಿಲ್ಲದೆ ಬಾಯಿಂದ ಬಾಯಿಗೆ ಹರಡಿ, ಅಮೆರಿಕದ ಆಲ್ಬಂ ಮಾರಾಟದ ಪಟ್ಟಿಯ ಮೊದಲ ಸ್ಥಾನ ಮುಟ್ಟಿದ್ದು 2003ರ ಜನವರಿಯಲ್ಲಿ. ಅದರ ಮುಂದಿನ ತಿಂಗಳು 23 ವರ್ಷದ ನೋರಾ ಒಂದೇ ರಾತ್ರಿ ಐದು ಗ್ರ್ಯಾಮಿ ಸಂಗೀತ ಪ್ರಶಸ್ತಿಗಳನ್ನು ಪಡೆದರು. ಉಳಿದ ಲೆಕ್ಕಗಳು ಎಲ್ಲೆಡೆ ಸಿಗುತ್ತವೆ.

ಅಷ್ಟು ದೊಡ್ಡ ಗೆಲುವಿನ ನಂತರ ಅದೇ ಅಚ್ಚಿನಲ್ಲಿ ಹತ್ತು ಆಲ್ಬಂ ಎರಕ ಹೊಯ್ಯಬಹುದಿತ್ತು. ನೋರಾ ಗೆಳೆಯರೊಡನೆ ‘ದಿ ಲಿಟಲ್ ವಿಲ್ಲೀಸ್’ ಎಂಬ ತಂಡದಲ್ಲಿ ಕಂಟ್ರಿ ಹಾಡುಗಳನ್ನು ಹಾಡಿದರು, 2009ರಲ್ಲಿ ಪಿಯಾನೋವನ್ನು ಹಿಂದಕ್ಕೆ ಸರಿಸಿ ಗಿಟಾರ್ ಎತ್ತಿಕೊಂಡರು, 2012ರಲ್ಲಿ ಡೇಂಜರ್ ಮೌಸ್ ಎಂಬ ಹೆಸರಿನ ನಿರ್ಮಾಪಕರ ಜೊತೆಗೂಡಿ ಮುರಿದ ಪ್ರೀತಿಯ ಕಹಿಯನ್ನೇ ಒಂದು ಇಡೀ ಆಲ್ಬಮ್ಮಾಗಿಸಿದರು. ಆ ಕಹಿಯ ಆಲ್ಬಂ ನನಗೆ ಮೊದಲು ರುಚಿಸಿರಲಿಲ್ಲ, ಈಗ ಆಗಾಗ ಅದರತ್ತ ಮರಳುತ್ತೇನೆ. 2016ರ ‘ಡೇ ಬ್ರೇಕ್ಸ್’ನಲ್ಲಿ ಪಿಯಾನೋಗೆ ಹಿಂತಿರುಗಿದಾಗ ಅವರ ಪಕ್ಕದಲ್ಲಿ ಸ್ಯಾಕ್ಸೋಫೋನ್ ಹಿಡಿದಿದ್ದವರು ಜಾಝ್ ದಿಗ್ಗಜ ವೇಯ್ನ್ ಶಾರ್ಟರ್. ಕಳೆದ ವರ್ಷದ ‘ವಿಷನ್ಸ್’ಗೆ ಈ ಫೆಬ್ರವರಿಯಲ್ಲಿ ಮತ್ತೊಂದು ಗ್ರ್ಯಾಮಿ ಬಂದಿದೆ.

ಐದು ಗಂಟೆಗೆ ಭಾವನವರು ಎದ್ದು ಬಂದು ಕಾಫಿ ಕೇಳಿದರು. ಅನುಷ್ಕಾ ಅವರ 2013ರ ‘ಟ್ರೇಸಸ್ ಆಫ್ ಯು’ ಆಲ್ಬಮ್ಮಿನಲ್ಲಿ ಅಕ್ಕ ನೋರಾ ಹಾಡಿರುವ ಮೂರು ಹಾಡುಗಳ ಪೈಕಿ ಒಂದನ್ನು ಹಾಕಿ, ಹೆಡ್‌ಫೋನನ್ನು ಅವರ ಕೈಗೆ ಕೊಟ್ಟೆ. ಹಿಂದಿನ ವರ್ಷ ಡಿಸೆಂಬರಿನಲ್ಲಿ ತಂದೆ ತೀರಿಕೊಂಡ ಮೇಲೆ ಹೊರಬಂದ ಆಲ್ಬಂ ಅದು. ಭಾವನವರು ಹಾಡು ಮುಗಿಯುವವರೆಗೂ ಲೋಟ ಮುಟ್ಟಲಿಲ್ಲ, ಆಮೇಲೆ, “ಸಿತಾರ್ ತಂಗಿಯದು, ಅಲ್ಲವೇ?” ಎಂದರು.