‘ಖಿನ್ನತೆ ಅಂದ್ರ ಏನ್ರೀ ಅಕ್ಕಾರ?’

ಗೋವಾದ ವಾಸ್ಕೋ ಹತ್ತಿರದ ಝುವಾರಿನಗರದಲ್ಲಿ ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ಕನ್ನಡದವರು ಬಹಳ. ಅವರ ಮನೆಗಳಿಗೆ ಹೋಗಿ, ಖಿನ್ನತೆ (ಡಿಪ್ರೆಶನ್) ಇದೆಯಾ ಅಂತ ತಿಳಿಯುವ ಪಿಎಚ್‌ಕ್ಯೂ-9 ಅನ್ನೋ ಪ್ರಶ್ನಾವಳಿ ಕೇಳುವುದು ನನ್ನ ಕೆಲಸವಾಗಿತ್ತು. ಹೋದ ಎರಡು ವಾರ ನಿದ್ದೆ, ಊಟ, ಮನಸ್ಸು ಹೇಗಿತ್ತು ಅಂತ ಒಂಬತ್ತು ಪ್ರಶ್ನೆ. ಒಂದೊಂದಕ್ಕೂ 0ಯಿಂದ 3 ಅಂಕ. ಒಟ್ಟು 27ರಲ್ಲಿ 10 ಅಥವಾ ಜಾಸ್ತಿ ಬಂದವರನ್ನು ಡಾಕ್ಟರು ನೋಡಬೇಕು. ಅಂಕ ತಪ್ಪಿದರೆ ನಿಜವಾಗಿ ನೋವಲ್ಲಿರುವವರೇ ಬಿಟ್ಟುಹೋಗುತ್ತಾರೆ.

ಪ್ರಶ್ನೆಗಳನ್ನು ಒಬ್ಬರು ಕನ್ನಡಕ್ಕೆ ತಂದಿದ್ದರು. ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ಮಾಡಿದರು. ಮೂಲ ಇಂಗ್ಲಿಷೂ ಇದೂ ಚೆನ್ನಾಗಿ ಹೊಂದಿದವು. ಒಂಬತ್ತೂ ಪ್ರಶ್ನೆಯ ಉತ್ತರಗಳು ಒಂದಕ್ಕೊಂದು ಕೂಡುತ್ತವಾ ಅಂತ ನೋಡುವ ಕ್ರಾನ್‌ಬಾಕ್ ಆಲ್ಫಾ 0.7 ಇದ್ದರೆ ಸಾಕು ಅನ್ನುತ್ತಾರೆ. ನಮ್ಮದು ಅದನ್ನೂ ದಾಟಿತು. ಖುಷಿಪಟ್ಟೆವು.

ಮತ್ತೆ ಕೇಳಿದರೂ ಉತ್ತರ ಅದೇ ಬರುತ್ತದಾ ಅಂತ ನೋಡಲು, ವಾರ ಬಿಟ್ಟು ಅದೇ ಜನರ ಹತ್ತಿರ ನನ್ನ ಗೆಳತಿ ಹೋದಳು. ಬೇಗ ಹೋದರೆ ಜನ ಹಳೇ ಉತ್ತರವನ್ನೇ ನೆನಪಿಟ್ಟು ಹೇಳುತ್ತಾರೆ, ತಡವಾದರೆ ಮನಸ್ಸೇ ಬದಲಾಗಿರುತ್ತದೆ. ಎರಡನೇ ಪ್ರಶ್ನೆಗೆ ಅವಳಿಗೆ ಸಿಕ್ಕ ಉತ್ತರಗಳು ನನಗೆ ಸಿಕ್ಕವಕ್ಕೆ ತಾಳೆಯೇ ಆಗಲಿಲ್ಲ. ಒಂದೇ ವಾರದಲ್ಲಿ ಅಷ್ಟೊಂದು ಜನ ಬದಲಾಗಲ್ಲ ಅಲ್ವಾ?

ಆ ಪ್ರಶ್ನೆಯಲ್ಲಿ ‘ಖಿನ್ನತೆ’ ಅಂತಿತ್ತು. ‘ಹಂಗಂದ್ರ ಏನ್ರೀ ಅಕ್ಕಾರ?’ ಅಂತ ಕೇಳಿದವರಿಗೆಲ್ಲ ನಾನು ‘ಬ್ಯಾಸರ’ ಅಂದಿದ್ದೆ. ಗೆಳತಿ ‘ಭಾಳ ದುಃಖ’ ಅಂದಿದ್ದಳು. ದುಡಿದು ಸಾಕಾದರೂ ಬ್ಯಾಸರ, ಊರು ನೆನಪಾದರೂ ಬ್ಯಾಸರ. ದಿನಾ ಇಟ್ಟಿಗೆ ಹೊರುವ ಯಾರಿಗೆ ಅದಿಲ್ಲ? ದುಃಖ ಅಂದರೆ ಮನೆಯಲ್ಲಿ ಯಾರೋ ಸತ್ತಾಗಿನ ಮಾತು. ಕಾಗದದಲ್ಲಿ ಒಂದೇ ಪ್ರಶ್ನೆ, ನಮ್ಮ ಬಾಯಲ್ಲಿ ಎರಡು. ಅರ್ಥ ಹೇಳಿಕೊಟ್ಟಿದ್ದನ್ನು ನಾನು ಬರೆದೂ ಇಟ್ಟಿರಲಿಲ್ಲ. ಅದು ನನ್ನ ತಪ್ಪು. ವಾಪಸ್ ಅನುವಾದಕ್ಕೆ ಇದು ಸಿಗಲೇ ಇಲ್ಲ, ಯಾಕಂದರೆ ಓದಿದವರಿಗೆ ಖಿನ್ನತೆ ಅಂದ ಕೂಡಲೇ ಡಿಪ್ರೆಶನ್ ಹೊಳೆಯುತ್ತದೆ.

ಈಗ ಅಂಕ ಹಾಕುವ ಮೊದಲೇ ಕೆಲವರ ಜೊತೆ ಕೂತು, ‘ನಾ ಏನು ಕೇಳಿದೆ, ನಿಮ್ಮ ಮಾತಿನಾಗ ಹೇಳ್ರಿ’ ಅನ್ನುತ್ತೇನೆ. ‘ಮನಸ್ಸು ಕುಗ್ಗೇತೇನು?’ ಅಂತ ಕೇಳಿದರೆ ಯಾರೂ ಅರ್ಥ ಕೇಳುವುದಿಲ್ಲ. ಕಷ್ಟ ಇರುವುದು ಎಂಟನೇ ಪ್ರಶ್ನೆಯಲ್ಲಿ. ಮೈ-ಮಾತು ನಿಧಾನವಾಗಿದೆಯಾ, ಇಲ್ಲ ಕೂತಲ್ಲಿ ಕೂರಲಾಗದಷ್ಟು ಚಡಪಡಿಕೆಯಾ, ಎರಡೂ ಒಟ್ಟಿಗೆ. ಒಡೆದು ಎರಡು ಮಾಡಿದರೆ 27ರ ಲೆಕ್ಕ ಕೆಡುತ್ತದೆ. ಅದಕ್ಕೆ ಒಂದೇ ಇಟ್ಟು, ಎರಡರಲ್ಲಿ ಯಾವುದಿದ್ದರೂ ಹೇಳಿ ಅಂತ ಸೇರಿಸಿದ್ದೇವೆ. ಆ ಸಾಲನ್ನು ಎಲ್ಲರೂ ಕಾಗದ ನೋಡಿಯೇ ಓದುತ್ತೇವೆ.